ಸಾಹೇಬರಿಗಾಗಿ ತೊಳೆದ ಪಾಯಖಾನೆ

ನಿನ್ನೆ ಹಗರಿಬೊಮ್ಮನಹಳ್ಳಿ ಹತ್ತಿರದ ಸರ್ಕಾರಿ ಶಾಲೆಯೊಂದರ ಮೆಟ್ಟಿಲು ಹತ್ತುವಾಗ ಫಿನಾಯಿಲ್ ವಾಸನೆ ಮೂಗಿಗೆ ಬಡಿಯಿತು. ಉಳಿದವರಿಗೆ ಅದು ಸ್ವಚ್ಛತೆಯ ವಾಸನೆ. ನನಗೆ ನಮ್ಮ ಹೆಡ್‌ಮಾಸ್ತರರ ವಾಸನೆ.

ಕೂಡ್ಲಿಗಿ ಕಡೆಯ ನಮ್ಮೂರ ಶಾಲೆಯಲ್ಲಿ, ನಾವು ಏಳನೇ ಕ್ಲಾಸಿನಲ್ಲಿದ್ದಾಗ, ಹುಡುಗಿಯರಿಗೆಂದು ಪಾಯಖಾನೆ ಕಟ್ಟಿದರು. ಪ್ರತಿ ಶನಿವಾರ ನಾನೂ ಗೆಳತಿ ಗಿರಿಜಾಳೂ ಬೋರಿನಿಂದ ನೀರು ಹೊತ್ತು ತಂದು, ಫಿನಾಯಿಲ್ ಹಾಕಿ ತಿಕ್ಕುತ್ತಿದ್ದೆವು. ನಾವು ಹೊರಬಂದ ಕೂಡಲೇ ಹೆಡ್‌ಮಾಸ್ತರರು ಬೀಗ ಜಡಿದು ಕೀಲಿಕೈಯನ್ನು ಜೇಬಿಗೆ ಇಳಿಸುತ್ತಿದ್ದರು. ಆಯುಧಪೂಜೆಗೆ ಆ ಬೀಗಕ್ಕೂ ವಿಭೂತಿ ಬಳಿದಿದ್ದ ಮಹಾನುಭಾವ!

ಒಮ್ಮೆ ಗಿರಿಜಾ ಹೊಟ್ಟೆ ಹಿಡಿದುಕೊಂಡು ಅವರ ಮುಂದೆ ನಿಂತಳು. "ಸರ್, ಭಾಳ ಅರ್ಜೆಂಟ್ ಐತ್ರಿ, ಕೀಲಿಕೈ ಕೊಡ್ರಿ."

"ನೀವು ಹೋದ್ರ ಹೊಲಸಾಕೈತಿ. ಸಾಹೇಬ್ರು ನೋಡಾಕ ಬರ್ತಾರ, ಅಲ್ಲೀತನಕ ಹಂಗ ಇರ್ಲಿ. ಜಾಲಿಗಿಡದ ಹಿಂದ ಹೋಗ್ರಿ" ಎಂದರು, ಅಡಿಕೆ ಜಗಿಯುತ್ತ. ಪಾಠ ಹೇಳುವಾಗಲೂ ಆ ಮುಖಕ್ಕೆ ಅಷ್ಟು ಗಾಂಭೀರ್ಯ ಬಂದದ್ದನ್ನು ನಾನು ಕಂಡಿರಲಿಲ್ಲ.

ಜಾಲಿಯ ಹಿಂದೆ ಅವಳು ಕೂತಳು. ನಾನು ಲಂಗ ಅಗಲಿಸಿ ಮರೆಯಾಗಿ ನಿಂತೆ. ಗಾಡಿ ಹೊಡೆದುಕೊಂಡು ಹೋಗುತ್ತಿದ್ದವನೊಬ್ಬ ತಿರುಗಿ ತಿರುಗಿ ನೋಡಿದ. ಗಿರಿಜಾ ಅಳುತ್ತ ಎದ್ದು, "ಇವನ ಬೀಗಕ್ಕ ಬೆಂಕಿ ಹಚ್ಚ" ಎಂದು ಶಪಿಸಿದಳು.

ನಿನ್ನೆ ನಾನು ಹೋದದ್ದು ಅವಳ ಶಾಲೆಗೇ. ಗಿರಿಜಾ ಈಗ ಅಲ್ಲಿ ಹೆಡ್‌ಮೇಡಂ. ಬಿಡುವಿನ ಗಂಟೆ ಹೊಡೆದಿತ್ತು. ಹುಡುಗಿಯರು ಗುಂಪಾಗಿ ಕಾಂಪೌಂಡಿನ ಆಚೆ, ಜಾಲಿಯ ಕಡೆ ಹೊರಟಿದ್ದರು.

"ನಮ್ಮ ಹುಡುಗ್ಯಾರ ಪಾಯಖಾನಿ ನೋಡು ಬಾರೇ, ಕನ್ನಡಿ ಇದ್ದಂಗ ಐತಿ" ಎನ್ನುತ್ತ ಅವಳು ಸೊಂಟದಿಂದ ಕೀಲಿಕೈ ತೆಗೆದಳು.