ಬಿಸಿ ಬಂಗುಡೆಯ ಪಾಲು

ಕೆನಡಾದ ಈ ಮಾಲ್ಟನ್‌ನಲ್ಲಿ ನಮ್ಮಷ್ಟು ಜನಕ್ಕೆ ಊಟ ಹಾಕಿದ ಮನೆ ಇನ್ನೊಂದಿಲ್ಲ ಎಂದು ನಾನು ಯಾರೆದುರಿಗೂ ಹೇಳುತ್ತೇನೆ. ಜಂಬ ಅನ್ನುವವರು ಅನ್ನಲಿ. ಉಡುಪಿ ಕಡೆಯಿಂದ ಹೊಸದಾಗಿ ಬಂದಿಳಿದವರು ಎಷ್ಟೋ ಮಂದಿ ಏರ್‌ಪೋರ್ಟಿನಿಂದ ನೇರ ನಮ್ಮ ಮನೆಗೇ ಬಂದು ಕೈ ತೊಳೆದಿದ್ದಾರೆ. ಹಾಗಾಗಿ ೨೦೧೭ರಲ್ಲಿ ಹೊರದೇಶದಿಂದ ಬಂದವರಿಗೆ ಮನೆ ಹುಡುಕಿಕೊಡುವ ಏಜೆನ್ಸಿಯ ಹೆಂಗಸೊಬ್ಬರು ಫೋನ್ ಮಾಡಿ, ನಿಮ್ಮ ಮಹಡಿಯ ಖಾಲಿ ಕೋಣೆಯಲ್ಲಿ ಒಬ್ಬಳು ಜಪಾನಿ ಹುಡುಗಿಯನ್ನು ಇಟ್ಟುಕೊಳ್ಳುತ್ತೀರಾ ಎಂದು ಕೇಳಿದಾಗ, ನಾನು ಗಂಡನ ಮುಖವನ್ನೂ ನೋಡದೆ ಹೂಂ ಅಂದುಬಿಟ್ಟೆ.

ಹುಡುಗಿ ವರ್ಕಿಂಗ್ ಹಾಲಿಡೇ ವೀಸಾದಲ್ಲಿ ಬಂದಿದ್ದಳು. ಒಂದು ವರ್ಷ ಇಲ್ಲೇ ದುಡಿಯುವುದು, ದುಡಿದದ್ದರಲ್ಲಿ ದೇಶ ನೋಡುವುದು, ಆಮೇಲೆ ಊರಿಗೆ ಮರಳುವುದು. ಅವಳಿಗೆ ಏರ್‌ಪೋರ್ಟಿನ ಕಾಫಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ನನಗೆ ವಿಮಾನಗಳಿಗೆ ಊಟ ಕಟ್ಟುವ ಅಡುಗೆಮನೆಯಲ್ಲಿ ಕೆಲಸ. ಇಬ್ಬರದೂ ಬೆಳಗಿನ ಶಿಫ್ಟಾದ್ದರಿಂದ ಒಂದೇ ಬಸ್ಸಿನಲ್ಲಿ ತೂಕಡಿಸುತ್ತಾ ಹೋಗುತ್ತಿದ್ದೆವು. ಮನೆಗೆ ಬಂದೊಡನೆ ಅವಳು ತನ್ನ ಬೂಟುಗಳ ಮೂತಿಯನ್ನು ಬಾಗಿಲ ಕಡೆ ತಿರುಗಿಸಿ ಇಡುತ್ತಿದ್ದಳು. ಸ್ವಲ್ಪ ದಿನಕ್ಕೆ ನಮ್ಮೆಲ್ಲರ ಚಪ್ಪಲಿಗಳೂ ಅದೇ ಕಡೆ ಮುಖ ಮಾಡಿ ಸಾಲಾಗಿ ನಿಲ್ಲತೊಡಗಿದವು.

ಊಟದ ವಿಷಯ ಮಾತ್ರ ನನ್ನ ತಲೆ ತಿಂದಿತು. ನಾನು ತಟ್ಟೆ ಇಟ್ಟು, ಅನ್ನ, ಸಾರು, ಪಲ್ಯ ಬಡಿಸಿ, ಸೌಟು ಹಿಡಿದುಕೊಂಡು ಪಕ್ಕದಲ್ಲೇ ನಿಲ್ಲುತ್ತಿದ್ದೆ. ಅವಳು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ನನ್ನನ್ನೊಮ್ಮೆ, ಎದುರಿನ ಕುರ್ಚಿಯನ್ನೊಮ್ಮೆ ನೋಡುತ್ತಾ ಕೂರುತ್ತಿದ್ದಳು. ಸಾರೆಲ್ಲ ಆರಿದ ಮೇಲೆ ಮೆಲ್ಲನೆ ತಿನ್ನುವಳು. ಖಾರವಾಯಿತೇನೋ ಎಂದು ಮೆಣಸು ಕಡಿಮೆ ಮಾಡಿದೆ. ತೆಂಗಿನಕಾಯಿ ಹಿಡಿಸಲಿಲ್ಲವೇನೋ ಎಂದು ಪಾಸ್ತಾ ಬೇಯಿಸಿದೆ. ಅದನ್ನೂ ಆರಿದ ಮೇಲೆಯೇ ತಿಂದಳು. ಗಂಡನ ಶಿಫ್ಟು ಮುಗಿಯುವುದು ತಡ. ಅವರು ಬಂದು ಉಂಡ ಮೇಲೆ ನಾನು ಅಡುಗೆಮನೆಯ ಕಟ್ಟೆಗೆ ಒರಗಿ ನನ್ನ ಊಟ ಮುಗಿಸುತ್ತಿದ್ದೆ. ಮದುವೆಯಾದಾಗಿನಿಂದ ಹಾಗೇ.

ತಿಂಗಳಾದ ಮೇಲೆ ಏಜೆನ್ಸಿಯವರು ಬಂದರು. ಕೋಣೆ ಚೆನ್ನಾಗಿದೆ, ನೀವೂ ಒಳ್ಳೆಯವರು ಎಂದೆಲ್ಲ ಹೇಳಿ, ಹುಡುಗಿ ಬೇರೆ ಮನೆ ಕೇಳುತ್ತಿದ್ದಾಳೆ ಅಂದರು. ಕ್ಲೈನ್‌ಬರ್ಗ್‌ನಲ್ಲಿ ದೊಡ್ಡ ಮನೆಯೊಂದು ಸಿದ್ಧವಿದೆಯಂತೆ. ಕಾರಣ ಕೇಳಿದರೆ, ಈ ಮನೆಯಲ್ಲಿ ತನ್ನ ಜೊತೆ ಯಾರೂ ಊಟಕ್ಕೆ ಕೂರುವುದಿಲ್ಲ, ತಾನು ಅವರಿಗೆ ಬೇಡವಾಗಿರಬೇಕು ಎಂದಳಂತೆ.

ನನಗೆ ಮೈಯೆಲ್ಲ ಉರಿಯಿತು. ಊಟದ ವಿಷಯದಲ್ಲಿ ನನ್ನ ಮನೆಯ ಮೇಲೆ ದೂರು! ನಿಂತು ಬಡಿಸುವುದಕ್ಕಿಂತ ದೊಡ್ಡ ಮರ್ಯಾದೆ ನಮ್ಮಲ್ಲಿ ಬೇರೆ ಯಾವುದಿದೆ? ಬಡಿಸುವವಳು ಮೊದಲೇ ಕೂತರೆ ಊರಲ್ಲಿ ಏನೆಂದಾರು? ಆದರೆ ಆ ಹುಡುಗಿ ನನ್ನ ಮನೆಯಿಂದ ಬೇಜಾರಾಗಿ ಪೆಟ್ಟಿಗೆ ಎತ್ತಿಕೊಂಡು ಹೋಗುವುದೂ ನನಗೆ ಬೇಡವಾಗಿತ್ತು. ಮರುದಿನ ಬಸ್ಸಿನಲ್ಲಿ ನೇರವಾಗಿ ಕೇಳಿಯೇಬಿಟ್ಟೆ. ಅವಳು ಕಣ್ಣು ತುಂಬಿಕೊಂಡು ಹೇಳಿದಳು: ಅವರ ಮನೆಯಲ್ಲಿ ಎಲ್ಲರೂ ಕೂತು, ಒಟ್ಟಿಗೆ ಒಂದು ಮಾತು ಹೇಳಿ ಕೈ ಜೋಡಿಸುವ ತನಕ ಯಾರೂ ತುತ್ತು ಎತ್ತುವುದಿಲ್ಲವಂತೆ. ಇಷ್ಟು ದಿನ ಅವಳು ಕಾಯುತ್ತಿದ್ದದ್ದು ನನ್ನನ್ನು.

ಅಂದು ಸಂಜೆ ಪಾತ್ರೆಗಳನ್ನೆಲ್ಲ ಟೇಬಲ್ಲಿನ ಮಧ್ಯೆ ತಂದಿಟ್ಟು ನಾನೂ ಕೂತೆ. ಕೈಯಲ್ಲಿ ಸೌಟಿಲ್ಲದೆ ಏನು ಮಾಡುವುದೆಂದೇ ತಿಳಿಯಲಿಲ್ಲ. ಅವಳು ಕೈ ಜೋಡಿಸಿದಳು, ನಾನೂ ಜೋಡಿಸಿದೆ. ಆ ದಿನ ಅವಳು ಎರಡು ಸಲ ಅನ್ನ ಹಾಕಿಸಿಕೊಂಡಳು. ಕ್ಲೈನ್‌ಬರ್ಗ್‌ನ ಸುದ್ದಿ ಮತ್ತೆ ಬರಲಿಲ್ಲ. ಅವಳು ಕೈಯಲ್ಲಿ ಕಲಸಿ ಉಣ್ಣುವುದನ್ನು ಕಲಿತಳು, ಮೀನಿನ ಮುಳ್ಳು ಬಿಡಿಸುವುದರಲ್ಲಿ ನನ್ನನ್ನೇ ಮೀರಿಸಿದಳು. ನಮ್ಮ ಮನೆಮಾತು ತುಳುವಿನಲ್ಲಿ 'ಕೂತುಕೊಳ್ಳಿ' ಅನ್ನುವುದು ಹೇಗೆಂದು ಕೇಳಿ ಬಾಯಿಪಾಠ ಮಾಡಿಕೊಂಡಳು.

ಅವಳು ಹೊರಡುವ ಮೊದಲಿನ ಭಾನುವಾರ ನೆಂಟರನ್ನೆಲ್ಲ ಕರೆದಿದ್ದೆ. ಒಶಾವಾದಿಂದ ಗಂಡನ ಅಕ್ಕನೂ ಬಂದಿದ್ದರು. ಎಪ್ಪತ್ತು ದಾಟಿದವರು, ಎಲ್ಲರ ಊಟವೂ ಆಗುವ ತನಕ ಬಾಯಿಗೆ ನೀರೂ ಹಾಕದವರು. ಅವರ ಎದುರು ನಾನೂ ಹಳೆಯ ಸೊಸೆಯಾಗಿ ಒಲೆಯ ಮುಂದೆ ನಿಂತೆ. ಬಂಗುಡೆ ಹುರಿದು ಒಂದೊಂದೇ ತಂದು ನಾವಿಬ್ಬರೂ ಬಡಿಸಿದೆವು. ಗಂಡಸರು ಶುರು ಮಾಡಿದರು. ಹುಡುಗಿ ಮಾತ್ರ ಕೈ ಮಡಿಲಲ್ಲಿಟ್ಟು ಕೂತಿದ್ದಳು.

"ಎಂತ, ಅವಳಿಗೆ ನಮ್ಮ ಮೀನು ಆಗುದಿಲ್ವಾ?" ಎಂದು ಅಕ್ಕ ನನ್ನನ್ನು ಕೇಳಿದರು.

ಹುಡುಗಿ ಎದ್ದು ಎರಡು ಕುರ್ಚಿ ಎಳೆದಳು. ಒಂದರ ಬೆನ್ನಿಗೆ ಕೈಯಿಟ್ಟು ನನ್ನನ್ನು ನೋಡಿ, "ಆಂಟಿ, ಕುಲ್ಲುಲೆ" ಅಂದಳು. ಆಮೇಲೆ ಅಕ್ಕನ ಕಡೆ ತಿರುಗಿ, ತಲೆ ಬಾಗಿಸಿ, ಅದನ್ನೇ ಹೇಳಿದಳು.

ನಾನು ಸೌಟನ್ನು ಗಂಡನ ಕೈಗೆ ಕೊಟ್ಟು ಕೂತೆ. ಅಕ್ಕ ಸ್ವಲ್ಪ ಹೊತ್ತು ಸೆರಗು ಸರಿಮಾಡಿಕೊಂಡು, ಬಾಗಿಲ ಕಡೆ ನೋಡಿ, ಕೊನೆಗೆ ಅವರೂ ಕೂತರು. ಹುಡುಗಿ ಹುರಿದ ಬಂಗುಡೆಯನ್ನು ಕಾವಲಿಯಿಂದಲೇ ತಂದು ಅವರ ತಟ್ಟೆಗೆ ಹಾಕಿದಳು. ಅಕ್ಕ ಒಂದು ತುಂಡು ಮುರಿದು ಬಾಯಿಗಿಟ್ಟು, ಬಿಸಿಗೆ ಬಾಯಿ ತೆರೆದು ಉಸಿರೆಳೆದರು.

"ಇಷ್ಟು ಬಿಸಿ ಮೀನು ನಾನು ಯಾವಾಗ ತಿಂದದ್ದು ಮಾರಾಯ್ತಿ, ನೆನಪೇ ಇಲ್ಲ" ಅಂದರು.

ಒಲೆಯ ಕಡೆಯಿಂದ ಮೀನು ಸೀದ ವಾಸನೆ ಬಂತು. ಗಂಡ ನನ್ನನ್ನು ಕೂಗಿದರು. ನಾನು ಏಳಲಿಲ್ಲ.