ಆವೇಶದ ಲೆಕ್ಕಗಳು

ನಿಮ್ಮ ಅಕ್ಕ ಭೌತಶಾಸ್ತ್ರದ ಪುಸ್ತಕ ಕಂಡರೆ ಯಾಕೆ ಎದ್ದು ಹೋಗುತ್ತಾಳೆ ಎಂದು ನೀವಿಬ್ಬರೂ ಕೇಳುತ್ತಲೇ ಇರುತ್ತೀರಿ. ಬಾಯಿಬಿಟ್ಟು ಹೇಳಲು ಈ ಅಜ್ಜಿಗೆ ಆಗುವುದಿಲ್ಲ. ಬರೆಯುತ್ತೇನೆ.

ಹನ್ನೆರಡನೆಯ ತರಗತಿ ಮುಗಿದ ಮೇಲೆ ಅವಳು ಇಂಜಿನಿಯರಿಂಗ್ ಪರೀಕ್ಷೆಗೆ ಎರಡನೇ ಸಲ ಓದುತ್ತಿದ್ದಳು. ಮೊದಲ ಸಲ ಅವಳನ್ನು ಕೆಡವಿದ್ದು ವಿದ್ಯುತ್ತಿನ ಪಾಠ. ಊರ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದ ನಾನು ಏನು ಮಾಡಲಿ? ಉಡುಪಿಯಿಂದ ಬರುವ ತಂಗಿಯ ಮಗನ ಕೈಲಿ, ಈ ಮರಾಠಿ ಊರಲ್ಲಿ ಸಿಗದ ಕನ್ನಡದ ಪುಸ್ತಕ ತರಿಸಿದೆ. ನಾನು ಲೆಕ್ಕ ಓದುವುದು, ಅವಳು ಬಿಡಿಸುವುದು.

“ಎರಡು ಬಿಂದು ಆವೇಶಗಳನ್ನು ನಿರ್ವಾತದಲ್ಲಿ ಇರಿಸಿದೆ…”

“ಆವೇಶ? ಮೈಮೇಲೆ ದೈವ ಬರೋದಾ ಅಜ್ಜಿ?”

“ಎಂತದೋ ಮಗಾ, ಹಾಗೇ ಬರ್ದಿದ್ದಾರೆ.”

“ಅರೇ, ಚಾರ್ಜ್ ಬೋಲ್ತೇ ಹೈ ಉಸ್ಕೋ! ಕರೆಂಟಿನ ಚಾರ್ಜ್!” ಹೊಟ್ಟೆ ಹಿಡಿದುಕೊಂಡು ನಕ್ಕಳು.

ಒಂದೇ ಜಾತಿಯ ಆವೇಶಗಳು ಒಂದನ್ನೊಂದು ತಳ್ಳುತ್ತವೆ, ಬೇರೆ ಜಾತಿಯವು ಸೆಳೆಯುತ್ತವೆ ಎಂದು ಹುಣಸೆ ಬೀಜ ಇಟ್ಟು ತೋರಿಸಿದಳು. ದೂರ ಇಮ್ಮಡಿಯಾದರೆ ಬಲ ಎಷ್ಟಾಗುತ್ತದೆ ಎಂದು ಕೇಳಿದಳು. ಅರ್ಧ ಎಂದೆ. ಕಾಲು ಭಾಗವಂತೆ. ಮತ್ತೆ ನಕ್ಕಳು.

ಆ ನಗು ದೀಪಾವಳಿಯವರೆಗೂ ಇತ್ತು. ಆಮೇಲೆ ಕೋಚಿಂಗ್ ಕ್ಲಾಸಿನ ಟೆಸ್ಟುಗಳಲ್ಲಿ ಅಂಕ ಇಳಿಯತೊಡಗಿತು. ತ್ರಿಕೋನದ ಮೂರು ಮೂಲೆಗಳಲ್ಲಿ ಆವೇಶ ಇಟ್ಟು, ಒಂದರ ಮೇಲಿನ ಬಲ ಕೇಳುವ ಲೆಕ್ಕ ಅವಳನ್ನು ಹಿಡಿದುಕೊಂಡಿತು. ಬಲದ ದಿಕ್ಕಿಗೆ ಬಾಣ ಎಳೆಯುವಳು, ಅಳಿಸುವಳು, ಅದನ್ನೇ ತಿರುಗಿಸಿ ಎಳೆಯುವಳು. ಅಳಿಸಿ ಅಳಿಸಿ ಕಾಗದ ಹರಿಯಿತು.

“ಕಿಧರ್ ಧಕ್ಕಾ ದೇತಾ ಹೈ, ಯಾವ ಕಡೆ ತಳ್ಳುತ್ತೆ, ಅದೇ ಗೊತ್ತಾಗ್ತಿಲ್ಲ ಅಜ್ಜಿ.”

“ಮೊನ್ನೆ ಇದನ್ನೇ ಮಾಡಿದ್ದಿಯಲ್ಲ ಮಗಾ.”

“ಮೊನ್ನೆ ಬರ್ತಿತ್ತು.”

ಎಲ್ಲಿ ತಪ್ಪಿದಳು ಎಂದು ಹೇಳುವ ವಿದ್ಯೆ ನನಗಿರಲಿಲ್ಲ. ಪುಸ್ತಕದ ಹಿಂದಿನ ಉತ್ತರ ಓದಿದರೆ ಅವಳದು ಬೇರೆಯೇ ಇರುತ್ತಿತ್ತು. ಓದುವಾಗ ನನ್ನ ಸ್ವರವೇ ಸಣ್ಣದಾಗುತ್ತಿತ್ತು. ಅವಳ ಊಟ ಕಡಿಮೆಯಾಯಿತು.

“ಇದೇ ಕೊನೇ ಸಲ ಮಾರಾಯ್ತಿ,” ಎಂದ ನಿಮ್ಮ ಅಪ್ಪ. “ಆಗದಿದ್ರೆ ಹೋಟೆಲಿನ ಕೌಂಟರಲ್ಲಿ ಕೂತ್ಕೋ.” ಬೈದದ್ದಲ್ಲ, ಅವನಿಗೂ ಸಾಕಾಗಿತ್ತು.

ಪರೀಕ್ಷೆ ವಾಶಿಯಲ್ಲಿ. ನಾನೇ ಕರೆದುಕೊಂಡು ಹೋದೆ. ಮಕ್ಕಳೆಲ್ಲ ಒಳಗೆ ಹೋಗುತ್ತಿದ್ದರು. ಅವಳು ಗೇಟಿನ ಎದುರು ನಿಂತುಬಿಟ್ಟಳು.

“ಮೈ ನಹೀಂ ಜಾವೂಂಗೀ. ನಾ ಹೋಗಲ್ಲ ಅಜ್ಜಿ.”

“ಬರೋದಷ್ಟು ಬರಿ ಮಗಾ. ಖಾಲಿ ಕೊಟ್ರೂ ಅಡ್ಡಿ ಇಲ್ಲ.”

ಕೈ ಹಿಡಿದು ಎಳೆದೆ. ಕದಲಲಿಲ್ಲ. ಕಾವಲಿನವನು ನಮ್ಮ ಕಡೆ ನೋಡಿ ಮರಾಠಿಯಲ್ಲಿ ಏನೋ ಕೂಗಿದ. ಸ್ವಲ್ಪ ಹೊತ್ತು ನಿಲ್ಲಪ್ಪಾ ಎನ್ನಲು ನನಗೆ ಯಾವ ಭಾಷೆಯೂ ಬಾಯಿಗೆ ಬರಲಿಲ್ಲ. ಗೇಟು ಮುಚ್ಚಿತು.

ಠಾಣೆ ಕಡೆಯ ಲೋಕಲ್ ರೈಲು ಹತ್ತಿದೆವು. ಅಲ್ಲಿ ಇಳಿದು ನಮ್ಮ ಮನೆಯಿರುವ ಕಳವಾಕ್ಕೆ ಬೇರೆ ಗಾಡಿ ಹಿಡಿಯಬೇಕು. ಠಾಣೆಯಲ್ಲಿ ಎಲ್ಲರೂ ಇಳಿದರು. ಅವಳು ಕಿಟಕಿಯ ಸರಳು ಬಿಡಲಿಲ್ಲ.

“ಇಳಿ ಮಗಾ.”

“ಮನೆಗೆ ಬೇಡ ಅಜ್ಜಿ.”

ಹೊಸ ಜನ ಹತ್ತಿ ಕೂತರು. ನಾನೂ ಅವಳ ಪಕ್ಕ ಕೂತೆ. ಗಾಡಿ ನಮ್ಮಿಬ್ಬರನ್ನೂ ಹೊತ್ತುಕೊಂಡು ಮತ್ತೆ ವಾಶಿಯ ಕಡೆ ಹೊರಟಿತು.