ಕಾರ್ಡ್ ಕೊಳ್ಳದ ಶನಿವಾರಗಳು

ಗೇಮ್ ಆಡಲು ಅಗ್ಗದ್ದೊಂದು ಕಂಪ್ಯೂಟರ್ ಜೋಡಿಸಿಕೊಳ್ಳಬೇಕೆಂದು ವಿಜಯನಗರದ ಆ ಬಿಡಿಭಾಗಗಳ ಅಂಗಡಿಗೆ ಮೊದಲ ಸಲ ಹೋದಾಗ ನನಗೆ ನಲವತ್ತೊಂದು ವರ್ಷ. ಈ ವಯಸ್ಸಿನಲ್ಲಿ ಕಾರ್ ರೇಸ್ ಆಡುವ ಹುಚ್ಚೇನು ಎಂದು ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ದಾವಣಗೆರೆಯಿಂದ ಬಂದು ಕೆಂಗೇರಿ ಉಪನಗರದಲ್ಲಿ ಒಬ್ಬನೇ ಒಂದು ರೂಮು ಮಾಡಿಕೊಂಡಿದ್ದೆ. ಆಫೀಸಿನಲ್ಲಿ ಮಾತೆಂದರೆ ಫೈಲಿನ ಮಾತಷ್ಟೇ. ಶುಕ್ರವಾರ ಸಂಜೆ ಮುಚ್ಚಿದ ಬಾಯಿ ಸೋಮವಾರವೇ ತೆರೆಯುತ್ತಿತ್ತು.

ಅಂಗಡಿಯವರು ನನಗಿಂತ ಸ್ವಲ್ಪ ಹಿರಿಯರು, ತಾಳ್ಮೆಯ ಮನುಷ್ಯ. ಸ್ಟೂಲು ಎಳೆದು ಕೂರಿಸಿ, ಪಕ್ಕದ ಹೋಟೆಲಿಗೆ "ಒಂದು ಬೈಟೂ ಕಾಫಿ" ಎಂದು ಕೂಗಿದರು. ಒಂದು ಕಾಫಿ, ಎರಡು ಲೋಟ. ಪ್ರೊಸೆಸರಿನಲ್ಲಿ ನಾಲ್ಕು ಕೋರ್ ಸಾಕೋ ಆರು ಬೇಕೋ ಎಂದು ಅರ್ಧರ್ಧ ಕಾಫಿಯಲ್ಲಿ ಒಂದು ಗಂಟೆ ಮಾತಾಡಿದೆವು. ಮುಂದಿನ ಶನಿವಾರ ಮತ್ತೆ ಹೋದೆ. ಅದರ ಮುಂದಿನ ಶನಿವಾರವೂ. ಹೆಣ್ಣು ನೋಡಲು ಹೋದಾಗಲೂ ನಾನು ಇಷ್ಟು ಅಳೆದು ತೂಗಿರಲಿಲ್ಲ.

ಕೊನೆಗೆ ಅವರೇ ಇತ್ಯರ್ಥಕ್ಕೆ ತಂದರು. "ನೋಡಿ ಸಾರ್, ಈ ಪ್ರೊಸೆಸರ್ ಕಮ್ಮಿಗೆ ಬರತ್ತೆ. ಆದ್ರೆ ಇದ್ರಲ್ಲಿ ಗ್ರಾಫಿಕ್ಸ್ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇವತ್ತೇ ಹಾಕ್ಬೇಕು, ಇಲ್ಲಾಂದ್ರೆ ಸ್ಕ್ರೀನ್ ಮೇಲೆ ಏನೂ ಬರಲ್ಲ. ಇನ್ನೊಂದ್ರಲ್ಲಿ ಗ್ರಾಫಿಕ್ಸ್ ಒಳಗೇ ಇದೆ. ಗೇಮ್ ಸಲೀಸಾಗಿ ಓಡ್ಬೇಕು ಅಂದ್ರೆ ಕಾರ್ಡ್ ನಿಧಾನಕ್ಕೆ ತಗೋಬಹುದು."

ತಕ್ಷಣ ಎರಡನೆಯದನ್ನು ಆರಿಸಿದೆ. ಕಾರ್ಡಿನ ಬೆಲೆ ಇಳಿಯಲಿ ಎಂದು ಹೇಳಿದೆ. ಸುಳ್ಳು. ಕಾರ್ಡ್ ಕೊಳ್ಳುವವರೆಗೆ ಶನಿವಾರಕ್ಕೊಂದು ನೆಪ ಇರುತ್ತದೆ, ಅಷ್ಟೇ.

ಮೂರು ತಿಂಗಳು ಮೀನಮೇಷ ಎಣಿಸಿದೆ. ಎಂಟು ಜಿಬಿ ಕಾರ್ಡ್ ತೋರಿಸಿದರೆ ಹನ್ನೆರಡರದ್ದು ಕೇಳುತ್ತಿದ್ದೆ. ಅದನ್ನು ತೋರಿಸಿದರೆ ಕರೆಂಟ್ ಜಾಸ್ತಿ ಎಳೆಯುತ್ತದೆ ಎನ್ನುತ್ತಿದ್ದೆ. ಮನೆಯಲ್ಲಿ ಪರದೆಯ ಮೇಲಿನ ಕಾರು ತಡವರಿಸಿಕೊಂಡು ಓಡುತ್ತಿತ್ತು. ಓಡಲಿ ಎಂದು ಬಿಟ್ಟಿದ್ದೆ.

ಒಂದು ಶನಿವಾರ ಅವರು ಕೌಂಟರಿನ ಕೆಳಗಿನಿಂದ ಡಬ್ಬಿಯೊಂದನ್ನು ತೆಗೆದರು. ಸೆಕೆಂಡ್ ಹ್ಯಾಂಡ್ ಕಾರ್ಡ್, ನಾನು ಹೇಳುತ್ತಿದ್ದ ಬೆಲೆಗಿಂತಲೂ ಕಡಿಮೆ. "ಇಬ್ರು ಕೇಳಿದ್ರು, ಕೊಡ್ಲಿಲ್ಲ. ನಿಮಗೇ ಅಂತ ಎತ್ತಿಟ್ಟಿದೀನಿ ಸಾರ್." ಇಂಥ ಒಳ್ಳೆಯತನದಲ್ಲಿ ಏನೆಂದು ಕೊಂಕು ತೆಗೆಯುವುದು? ದುಡ್ಡು ಕೊಟ್ಟು ತಂದೆ. ಒಳಗೊಳಗೇ ಅವರ ಮೇಲೆ ಸಿಟ್ಟು ಬಂತು.

ಆಟ ಬೆಣ್ಣೆಯಂತೆ ಓಡಿತು. ಮೊದಲ ಸಲ ರೇಸ್ ಗೆದ್ದೆ. ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇಲ್ಲ ಎಂಬುದು ಅಂದಿನಷ್ಟು ಯಾವತ್ತೂ ಕಾಡಿರಲಿಲ್ಲ.

ಮುಂದಿನ ಶನಿವಾರ ಬಸ್ಸಿನಲ್ಲಿ ದಾರಿಯುದ್ದಕ್ಕೂ ದೂರೊಂದನ್ನು ಹೊಸೆದೆ. ಕಾರ್ಡಿನ ಫ್ಯಾನ್ ಸದ್ದು ಮಾಡುತ್ತದೆ ಎನ್ನಬೇಕು. ಅಂಗಡಿಯ ಮೆಟ್ಟಿಲು ಹತ್ತಿದ್ದೇ ತಡ, ನನ್ನನ್ನು ಕಂಡು ಅವರ ಮುಖ ಸಣ್ಣದಾಯಿತು.

"ಏನ್ ಸಾರ್, ಕಾರ್ಡ್ ಕೈ ಕೊಡ್ತಾ?"

ನನಗೆಂದೇ ಎತ್ತಿಟ್ಟವರ ಮುಂದೆ ಆ ಸುಳ್ಳು ಬಾಯಿಗೆ ಬರಲಿಲ್ಲ.

"ಕಾರ್ಡ್ ಚೆನ್ನಾಗಿದೆ," ಎಂದೆ. "ಸುಮ್ನೆ ಬಂದೆ."

ಅವರು ಸ್ಟೂಲಿನ ಮೇಲಿದ್ದ ಡಬ್ಬಿಗಳನ್ನು ಇಳಿಸಿ, ಹೋಟೆಲಿನ ಕಡೆ ತಿರುಗಿ ಬೈಟೂ ಎಂದು ಕೂಗಿದರು.